ಅವ್ವ ಬಿಚ್ಚಿದ ಸ್ಪ್ರಾಕೆಟ್

ಶಹಾಬಾದಿನ ನಮ್ಮ ಮನೆಯಲ್ಲಿ ಕಲ್ಲಲ್ಲದ ವಸ್ತು ಬಹಳ ಕಡಿಮೆ ಇತ್ತು. ಗೋಡೆ ಕಲ್ಲು, ನೆಲ ಕಲ್ಲು, ತಲೆಯ ಮೇಲಿನ ಸೂರೂ ಕಲ್ಲುಚಪ್ಪಡಿ, ಅಡುಗೆಮನೆಯಲ್ಲಿ ಡಬ್ಬಿ ಇಡುವ ಹಲಗೆಗಳೂ ಕಲ್ಲಿನವೇ. ಊರಲ್ಲಿ ಸಸ್ತಾ ಸಿಗುವುದು ಅದೊಂದೇ ಆದ್ದರಿಂದ ಎಲ್ಲರ ಮನೆಯೂ ಹಾಗೆಯೇ. ಮುಂದೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಬದಿಗೆ ಒಂದು ಕತ್ತಲೆ ಕೋಣೆ, ಹಿತ್ತಲಲ್ಲಿ ಬಚ್ಚಲು. ಪಡಸಾಲೆಯಲ್ಲೇ ನಮ್ಮ ಊಟ, ಅಲ್ಲೇ ನನ್ನ ಓದು, ಅಲ್ಲೇ ಅಪ್ಪನ ತಾಯಿ, ಅಂದರೆ ನಮ್ಮ ಆಯಿಯ ಲಿಂಗಪೂಜೆ, ಅಲ್ಲೇ ಅಪ್ಪ ಅವ್ವನ ಜಗಳ. ನಾನು ಏಳನೆಯ ಇಯತ್ತೆಯಲ್ಲಿದ್ದ ವರ್ಷ ಆ ಪಡಸಾಲೆಯ ನಟ್ಟನಡುವೆ ಎಂಟು ದಿನ ಒಂದು ಮೋಟಾರ್ ಸೈಕಲ್ ನಿಂತಿತ್ತು. ನಿನ್ನ ನಾಲಿಗೆ ಯಾಕೆ ಇಷ್ಟು ಕಹಿ ಎಂದು ಈಗಲೂ ಕೇಳುವವರಿದ್ದಾರೆ. ಅವರಿಗೆಲ್ಲ ನನ್ನ ಉತ್ತರ ಆ ಎಂಟು ದಿನ.

ಕಪ್ಪು ಟ್ಯಾಂಕಿನ ಆ ಗಾಡಿ ಅವ್ವನ ತವರಿನಿಂದ, ಚಿಂಚೋಳಿಯಿಂದ, ಮದುವೆಯಲ್ಲಿ ಅಪ್ಪನಿಗೆ ಬಂದದ್ದು. ಕೊಟ್ಟವರು ಅದನ್ನು ಮರೆತಿದ್ದರು, ತೆಗೆದುಕೊಂಡವನು ಒಂದು ದಿನವೂ ಮರೆತಿರಲಿಲ್ಲ. ಅಪ್ಪ ವಾಡಿಯ ಸಿಮೆಂಟು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಅದರ ಮೇಲೇ ದಿನಾ ಹೋಗಿ ಬರುವುದು, ಬರುವಾಗ ಗಾಡಿ, ಅಂಗಿ, ಹುಬ್ಬು, ಊಟದ ಡಬ್ಬಿ ಎಲ್ಲದರ ಮೇಲೂ ಬೂದು ಬಣ್ಣದ ಧೂಳು. ಅಂಗಿಯನ್ನು ಅವ್ವ ಒಗೆಯುತ್ತಿದ್ದಳು, ಡಬ್ಬಿಗೆ ಅಂಟಿ ಗಟ್ಟಿಯಾದ ಸಿಮೆಂಟನ್ನು ಹುಣಸೆಹುಳಿ ಹಚ್ಚಿ ತಿಕ್ಕುತ್ತಿದ್ದಳು. ಅಮಾವಾಸ್ಯೆಗೊಮ್ಮೆ ಗಾಡಿಯನ್ನು ತೊಳೆದು ವಿಭೂತಿ ಎಳೆದು, ಕುಂಕುಮವಿಟ್ಟು, ಗಾಲಿಯ ಕೆಳಗೆ ನಿಂಬೆಹಣ್ಣಿಡುವ ಕೆಲಸವೂ ಅವಳದೇ. ಹದಿಮೂರು ವರ್ಷ ಅವಳು ಪೂಜೆ ಮಾಡಿದ ಆ ಗಾಡಿಯ ಹ್ಯಾಂಡಲ್ಲನ್ನು ಒಮ್ಮೆಯೂ ಹಿಡಿದವಳಲ್ಲ.

ಹಿಂದಿನ ವರ್ಷ ಚಿಂಚೋಳಿಯಲ್ಲಿ ಮಾಮನ ಮಗಳ ತೊಟ್ಟಿಲ ಕಾರ್ಯವಿತ್ತು. ಮಾಮ ಎಂದರೆ ಅವ್ವನ ತಮ್ಮ, ನಗಿಸುವ ಚಟದ ಮನುಷ್ಯ. ಗಾಡಿ ಕೆಟ್ಟಿದ್ದರಿಂದ ನಾವು ಬಸ್ಸಿನಲ್ಲಿ ಹೋಗಿದ್ದೆವು. ಪಂಕ್ತಿಯಲ್ಲಿ ಎಲ್ಲರೂ ಉಣ್ಣುತ್ತಿದ್ದಾಗ ಬಡಿಸುತ್ತ ಬಂದ ಮಾಮ ಅಪ್ಪನ ಎದುರು ನಿಂತು ಚಾಷ್ಟಿ ಮಾಡಿದ:

"ಏನ್ರಿ ಭಾವ, ಬಸ್ಸಿಗಿ ಬಂದೀರಿ? ನಾವು ಕೊಟ್ಟ ಗಾಡಿ ಗುಜರಿಗಿ ಹಾಕಿದ್ರೇನು?"

ಪಂಕ್ತಿಯೇ ನಕ್ಕಿತು. ಅಪ್ಪ ಅರ್ಧ ಊಟದ ಮೇಲೆಯೇ ಕೈತೊಳೆದು ಎದ್ದು ನಿಂತ.

"ಇನ್ನ ಈ ಹೊಸ್ತಿಲಾ ತುಳಿದ್ರ ಅದೇ ಗಾಡಿ ಮ್ಯಾಲ ಬಂದು ತುಳೀತೀನಿ. ಇಲ್ಲಾಂದ್ರ ಇಲ್ಲ. ನನ್ನ ಹೇಂತಿ ಮಗಳೂ ಹಂಗೇ. ಲಿಂಗ ಮುಟ್ಟಿ ಹೇಳಾಕತ್ತೀನಿ."

ಆಣೆ ಇಟ್ಟವನು ಅಪ್ಪ, ಕಟ್ಟಿಹಾಕಿಸಿಕೊಂಡವಳು ಅವ್ವ. ಅಂದು ಬಸ್ಸಿನಲ್ಲಿ ಮರಳುವಾಗ ಅವಳು ಕಿಟಕಿಗೆ ತಲೆ ಒರಗಿಸಿ ಸೇಡಂ ದಾಟುವವರೆಗೂ ಅತ್ತಳು. ಅಪ್ಪ ಮುಂದಿನ ಸೀಟಿನಲ್ಲಿ ಬೇರೆ ಕೂತಿದ್ದ. ಆಮೇಲೆ ಒಂದು ವರ್ಷ ನಾವು ಚಿಂಚೋಳಿಯ ಮುಖ ನೋಡಲಿಲ್ಲ.

ಒಂದು ಶನಿವಾರ ಓಣಿಯ ಕಿರಾಣಿ ಅಂಗಡಿಯ ಫೋನಿಗೆ ಮಾಮನಿಂದ ಸುದ್ದಿ ಬಂತು. ಅವ್ವನ ತಾಯಿಗೆ ಮೈಯಲ್ಲಿ ನೆಟ್ಟಗಿಲ್ಲ, ಅನ್ನ ಬಿಟ್ಟಿದ್ದಾಳೆ, ಒಮ್ಮೆ ಬಂದು ಹೋಗು ಎಂದು. ಅಪ್ಪ ಆ ದಿನ ಕೆಟ್ಟದಾಗೇನೂ ಮಾತಾಡಲಿಲ್ಲ. ಗಾಡಿಯ ಚೈನು ಜಾರುತ್ತಿತ್ತು. ಚೈನನ್ನು ಎಳೆಯುವ ಮುಂದಿನ ಹಲ್ಲಿನ ಗಾಲಿ, ಮೆಕ್ಯಾನಿಕ್‌ಗಳು ಸ್ಪ್ರಾಕೆಟ್ ಅನ್ನುತ್ತಾರಲ್ಲ ಅದು, ಸವೆದು ಹಲ್ಲುಗಳೆಲ್ಲ ಕೊಕ್ಕೆಯಾಗಿದ್ದವು. ಅಷ್ಟು ದೂರದ ದಾರಿಗೆ ಅದು ತಾಳುತ್ತಿರಲಿಲ್ಲ. ಅಪ್ಪ ಸಂಜೆಯೇ ಕಲಬುರಗಿಗೆ ಹೋಗಿ ಹೊಸ ಚೈನು, ಹೊಸ ಸ್ಪ್ರಾಕೆಟ್ ತಂದ. ಭಾನುವಾರ ಹಾಕಿ ಸೋಮವಾರ ಬೆಳಿಗ್ಗೆ ಹೊರಡುವುದೆಂದಾಯಿತು. ಅವ್ವ ಅಂದೇ ರಾಗಿ ಬಣ್ಣದ ಸೀರೆಯೊಂದನ್ನು ಇಸ್ತ್ರಿ ಮಾಡಿಸಿ ತಂದಿಟ್ಟಳು.

ಭಾನುವಾರ ಬಿಸಿಲು ಹೆಚ್ಚೆಂದು ಅಪ್ಪ ಗಾಡಿಯನ್ನು ಪಡಸಾಲೆಗೆ ತಂದು ನಿಲ್ಲಿಸಿದ. ಮುಚ್ಚಳ ಬಿಚ್ಚಿದರೆ ಒಳಗೆ ಸ್ಪ್ರಾಕೆಟ್ಟೇ ಕಾಣದು. ಎಷ್ಟೋ ವರ್ಷದ ಎಣ್ಣೆಗೆ ಸಿಮೆಂಟಿನ ಧೂಳು ಕೂಡಿ, ಮಳೆನೀರು ಕುಡಿದು ಕುಡಿದು ಕಲ್ಲಾಗಿತ್ತು. ನಾನು ಎರಡೂ ಕಾಲಿಟ್ಟು ಹಿಂದಿನ ಬ್ರೇಕು ಒತ್ತಿ ಹಿಡಿದೆ, ಅಪ್ಪ ನಟ್ಟು ತಿರುವುವ ಪಾನಾಕ್ಕೆ ಉದ್ದ ಪೈಪು ಸಿಕ್ಕಿಸಿ ಅದರ ಮೇಲೆ ಹತ್ತಿ ನಿಂತ. ನಟ್ಟು ಕಿರುಚಿ ಬಿಚ್ಚಿಕೊಂಡಿತು. ಆದರೆ ಸ್ಪ್ರಾಕೆಟ್ ಮಾತ್ರ ತಾನು ಕೂತ ಉಕ್ಕಿನ ದಂಡವನ್ನು, ಶಾಫ್ಟನ್ನು, ಬಿಡಲಿಲ್ಲ. ಶಾಫ್ಟಿನ ಮೈಮೇಲೆ ಉದ್ದುದ್ದ ಗೀರುಗಳಿರುತ್ತವೆ, ಸ್ಪ್ರಾಕೆಟ್ಟಿನ ನಡುತೂತಿನ ಗೀರುಗಳು ಅದಕ್ಕೆ ಕೂಡಿಕೊಂಡಿರುತ್ತವೆ. ಎರಡರ ನಡುವೆ ಸಿಮೆಂಟು ಇಳಿದು ಬೆಸೆದಿತ್ತು. ಅಪ್ಪ ಪುಲ್ಲರಿನ ಕೊಕ್ಕೆಗಳನ್ನು ಸಿಕ್ಕಿಸಿ ಎಳೆದ, ಸವೆದ ಹಲ್ಲಿನಿಂದ ಅದು ಜಾರಿತು. ಚಿಮಣಿ ಎಣ್ಣೆ ಸುರಿದ. ಆಮೇಲೆ ಸಿಟ್ಟಿಗೆದ್ದು ಹಿಂದಿನಿಂದ ಉಳಿಯಂಥ ಛಿನ್ನಿ ಇಟ್ಟು ಬಡಿಯತೊಡಗಿದ. ಕಲ್ಲಿನ ಮನೆ, ಒಂದು ಏಟು ನಾಲ್ಕು ಗೋಡೆಗೆ ಬಡಿದು ನಾಲ್ಕಾಗಿ ಕೇಳುತ್ತಿತ್ತು. ಆಯಿ ಕಿವಿಗೆ ಸೆರಗು ಒತ್ತಿಕೊಂಡು ಪೂಜೆ ಮುಗಿಸಿದಳು.

ಸೋಮವಾರ ಹೋಯಿತು. ಮಂಗಳವಾರವೂ ಹೋಯಿತು. ಅಪ್ಪ ಬೆಳಿಗ್ಗೆ ಪ್ಯಾಸೆಂಜರ್ ರೈಲು ಹತ್ತಿ ವಾಡಿಗೆ ಕೆಲಸಕ್ಕೆ ಹೋಗುತ್ತಿದ್ದ, ಸಂಜೆ ಬಂದು ಚಹಾ ಕುಡಿದು ಬಡಿಯಲು ಕೂರುತ್ತಿದ್ದ. ಕೆಲಸಕ್ಕೆ ರೈಲು ನಡೆಯುತ್ತಿತ್ತು, ಸಾಯುವವಳನ್ನು ನೋಡಲು ಬಸ್ಸು ನಡೆಯುತ್ತಿರಲಿಲ್ಲ. ನಾವು ಗಾಡಿಯ ಸುತ್ತ ಸರಿದು ಕೂತು ಉಣ್ಣುತ್ತಿದ್ದೆವು. ರೊಟ್ಟಿಗೆ, ಪುಂಡಿಪಲ್ಯಕ್ಕೆ, ಕುಡಿಯುವ ನೀರಿಗೆ ಕೂಡ ಚಿಮಣಿ ಎಣ್ಣೆಯ ವಾಸನೆ. ಬುಧವಾರ ಅಮಾವಾಸ್ಯೆ. ಚೈನಿಲ್ಲದೆ ಹೊಟ್ಟೆ ತೆರೆದುಕೊಂಡು ನಿಂತ ಆ ಗಾಡಿಗೂ ಅಪ್ಪ ಪೂಜೆ ತಪ್ಪಿಸಬೇಡವೆಂದ. ಅವ್ವ ವಿಭೂತಿ ಎಳೆದಳು, ಕುಂಕುಮವಿಟ್ಟಳು, ಕೈಮುಗಿದಳು. ಏನು ಬೇಡಿಕೊಂಡಳೋ ಕೇಳುವ ಧೈರ್ಯ ನನಗಾಗಲಿಲ್ಲ.

ಆ ಸಂಜೆ ಮೌಲಾ ಚಾಚಾ ಬಾಗಿಲಲ್ಲಿ ನಿಂತರು. ಓಣಿಯ ತುದಿಯಲ್ಲಿ ಗಾಡಿ ರಿಪೇರಿ ಅಂಗಡಿ ಅವರದು. ಬಡಿಯುವ ಸದ್ದು ಮೂರು ದಿನದಿಂದ ಅವರಿಗೂ ಕೇಳುತ್ತಿತ್ತು.

"ಅಣ್ಣಾ, ಹಂಗ ಹಿಂದಿನಿಂದ ಹೊಡಿಬ್ಯಾಡ್ರಿ. ಒಳಗ ಬೇರಿಂಗ್ ಹೋಗ್ತದ. ಸಿಮೆಂಟ್ ಕುಂತದ ಅದರಾಗ, ಅದು ಮೊದಲ ಹೊರಗ ಬರಬೇಕು. ಒಂದು ತಾಸು ನನ್ನ ಕೈಗಿ ಕೊಡ್ರಿ, ಕಾಸಿ ತಗದು ಕೊಡ್ತೀನಿ."

"ಇಪ್ಪತ್ತು ವರ್ಷ ಆತು ಫಿಟ್ಟರ್ ಅದೀನಿ. ಆಳೆತ್ತರ ಗೇರ್ ಇಳಿಸೀನಿ. ನೀ ನನಗ ಕಲಸ್ತಿ?"

"ಕಲಸಾಕಲ್ಲ ಅಣ್ಣಾ, ಭಾಬಿಯವರ ತಾಯಿಗಿ ಆರಾಮಿಲ್ಲ ಅಂತ ಕೇಳೀನಿ, ಅದಕ್ಕ."

"ನಮ್ಮ ಮನಿ ಸುದ್ದಿ ನಿನಗ್ಯಾಕ? ನಡಿ, ನಿನ್ನ ಅಂಗಡಿ ನೋಡ್ಕೊ."

ಚಾಚಾ ಅಡುಗೆಮನೆಯ ಬಾಗಿಲಿನ ಕಡೆಗೊಮ್ಮೆ ನೋಡಿ, ಚಪ್ಪಲಿ ಮೆಟ್ಟಿ ಹೋದರು. ಬಾಗಿಲ ಹಿಂದೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತ್ತು. ಒಲೆಯ ಮೇಲಿನ ರೊಟ್ಟಿ ಕರಕಾಯಿತು. ಅದನ್ನು ಅವಳೇ ತಿಂದಳು.

ಗುರುವಾರ ಇನ್ನೊಂದು ಫೋನು. ಮಾತು ನಿಲ್ಲುತ್ತಾ ಬಂದಿದೆ, ಕಮಲಾ ಕಮಲಾ ಎಂದು ಅವ್ವನ ಹೆಸರನ್ನಷ್ಟೇ ಹಿಡಿದಿದ್ದಾಳೆ, ತಡ ಮಾಡಬೇಡಿ ಎಂದು. ರಾತ್ರಿಯ ಊಟಕ್ಕೆ ಬಡಿಸುತ್ತ, ನನ್ನ ಕಡೆ ಕೈ ತೋರಿಸಿ ಅವ್ವ ಕೇಳಿದಳು. ಅವಳು ಗಂಡನಿಗೆ ಎದುರಾಗಿ ಏನನ್ನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಬಸ್ಸಿಗಿ ಹೋಗಿ ಬರ್ತೀನ್ರಿ. ನೀಲಾನ್ನ ಕರ್ಕೊಂಡು ಹೋಗ್ತೀನಿ. ನೀವು ಬರಬ್ಯಾಡ್ರಿ."

"ನಾ ಏನು ಅಂದು ಬಂದೀನಿ ಗೊತ್ತದ ಇಲ್ಲ ನಿನಗ?"

"ಗೊತ್ತದ್ರಿ. ಅಕಿ ಸಾಯಾಕತ್ತಾಳ."

"ಎರಡು ದಿನದಾಗ ಯಾರೂ ಸಾಯಂಗಿಲ್ಲ. ಶನಿವಾರ ಕರ್ಕೊಂಡು ಹೋಗ್ತೀನಿ ಅಂದ್ರ ಹೋಗ್ತೀನಿ."

ಅವ್ವ ಆಯಿಯ ಕಡೆ ನೋಡಿದಳು. ಆಯಿ ತಾಟಿನಿಂದ ತಲೆಯೆತ್ತದೆ ಹೇಳಿದಳು:

"ಗಂಡನ ಆಣಿ ಮುರದು ಬಸ್ ಹತ್ತಿದ್ರ ಚಿಂಚೋಳಿ ಮಂದಿ ನಗ್ತಾರವ್ವ. ಅವರ ಮುಂದ ನನ್ನ ಮಗಂದು ಏನು ಉಳೀತದ?"

ಶುಕ್ರವಾರ ಅಪ್ಪ ರೈಲಿಗೆ ಹೋದ ಮೇಲೆ ಅವ್ವ ನನ್ನನ್ನು ಶಾಲೆಗೆ ಕಳಿಸಲಿಲ್ಲ. ಪಡಸಾಲೆಯ ಬಾಗಿಲು ಮುಂದೆ ಮಾಡಿ, ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಸ್ಪ್ರಾಕೆಟ್ಟನ್ನು ಬಹಳ ಹೊತ್ತು ನೋಡಿದಳು.

"ಲೋಟಾ ಒಂದರಾಗ ಒಂದು ಸಿಕ್ಕೊಂಡ್ರ ನಾವು ಹೊಡೀತೀವೇನು?" ಎಂದಳು.

ಹೊಡೆಯುವುದಿಲ್ಲ. ಹೊರಗಿನ ಲೋಟಕ್ಕೆ ಬಿಸಿನೀರು, ಒಳಗಿನದಕ್ಕೆ ತಣ್ಣೀರು. ಅದು ಯಾವ ಹೆಂಗಸಿಗೆ ಗೊತ್ತಿಲ್ಲ? ಸಿಮೆಂಟು ಬಿಡಿಸುವುದನ್ನಂತೂ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಹದಿಮೂರು ವರ್ಷ ಅಪ್ಪನ ಡಬ್ಬಿ ತಿಕ್ಕಿದವಳು. ಒಂದು ದೊಡ್ಡ ಉಂಡೆ ಹುಣಸೆಹಣ್ಣು ಕಿವುಚಿ, ಉಪ್ಪು ಹಾಕಿ, ಪಾತ್ರೆ ತುಂಬ ಕುದಿಯಲಿಟ್ಟಳು. ಚೀಲ ಹೊಲಿಯುವ ದಬ್ಬಣದಿಂದ ಗೀರುಗಳೊಳಗಿನ ಎಣ್ಣೆಜಿಡ್ಡನ್ನು ಮೊದಲು ಕೆರೆದಳು, ಆಮೇಲೆ ಕುದಿಯುವ ಹುಳಿ ಸುರಿದಳು. ಬುರುಗೆದ್ದು ಬೂದು ನೀರು ಇಳಿಯಿತು. ಕಾದಳು. ಮತ್ತೆ ಕೆರೆದಳು, ಮತ್ತೆ ಸುರಿದಳು. ಅವಸರವೆಂಬುದೇ ಇರಲಿಲ್ಲ ಅವಳಲ್ಲಿ, ತಾಯಿ ಸಾಯುತ್ತಿದ್ದ ಆ ಮುಂಜಾನೆ. ಒಳಗಿನಿಂದ ಆಯಿ ಕೂಗಿ "ಇನ್ನೊಂದು ಪಾತ್ರಿ ಕುದಿಯಾಕತ್ತದ ನೋಡು" ಎಂದಳು. ನಾನು ಹೋಗಿ ನೋಡಿದರೆ ಆಯಿಯೇ ಒಲೆಯ ಮುಂದೆ ಕೂತು ಕಟ್ಟಿಗೆ ದೂಡುತ್ತಿದ್ದಳು. ನಾನು ಪಾತ್ರೆ ಇಳಿಸಿಕೊಂಡು ಬಂದೆ.

ನಾಲ್ಕನೆಯ ಸಲ ಸುರಿದಾದ ಮೇಲೆ ಅವ್ವ ಶಾಫ್ಟಿನ ತುದಿಗೆ ತಣ್ಣೀರಿನ ಬಟ್ಟೆ ಸುತ್ತಿದಳು, ಸ್ಪ್ರಾಕೆಟ್ಟಿನ ಹಿಂದೆ ಲಟ್ಟಣಿಗೆಯ ತುದಿ ಇಟ್ಟು ಗುಂಡುಕಲ್ಲಿನಿಂದ ಮೆಲ್ಲಗೆ ತಟ್ಟುತ್ತ ಸುತ್ತು ಬಂದಳು. ನಾನು ಬಿಸಿ ಸ್ಪ್ರಾಕೆಟ್ಟನ್ನು ಇನ್ನೊಂದು ಬಟ್ಟೆಯಲ್ಲಿ ಹಿಡಿದು ಅತ್ತ ಇತ್ತ ಅಲುಗಿಸುತ್ತಿದ್ದೆ. ಮೊದಲು ಏನೂ ಇಲ್ಲ. ಆಮೇಲೆ ಕೂದಲೆಳೆಯಷ್ಟು ಸರಿಯಿತು. ಮತ್ತೊಂದು ಕೂದಲೆಳೆ. ಆಮೇಲೆ ಸರ್ರನೆ ಬಂದು ನನ್ನ ಕೈಯಲ್ಲಿ ಕೂತಿತು, ಇಷ್ಟು ದಿನ ಹಿಡಿದುಕೊಂಡಿದ್ದೇ ಸುಳ್ಳು ಎನ್ನುವ ಹಾಗೆ. ಅವ್ವ ನಕ್ಕಳು. ಬಾಯಿಗೆ ಸೆರಗು ಅಡ್ಡ ಇಡದೆ, ಹಲ್ಲು ಕಾಣುವ ಹಾಗೆ ಗಟ್ಟಿಯಾಗಿ ನಕ್ಕಳು. ಇನ್ನೂ ಮಧ್ಯಾಹ್ನವಾಗಿರಲಿಲ್ಲ. ಅವಳು ಅದನ್ನು ತೊಳೆದು, ಹಳೆಯ ಪೇಪರು ಹಾಸಿ, ಹೊಸದರ ಪಕ್ಕದಲ್ಲಿ ಇಟ್ಟಳು. ಕೈಚೀಲಕ್ಕೆ ಸೀರೆ ತುಂಬಿದಳು. ಹಲ್ಲಿಲ್ಲದ ತಾಯಿಗೆ ಹಾಲಿನಲ್ಲಿ ನೆನೆಸಿ ತಿನ್ನಿಸಬಹುದೆಂದು ಮಾದಲಿ ಮಾಡಿ ಡಬ್ಬಿಗೆ ಹಾಕಿದಳು. ಅಪ್ಪ ಬಂದು ಹೊಸದನ್ನು ಕೂರಿಸಿ ಚೈನು ಹಾಕಲು ಒಂದು ತಾಸು ಸಾಕು, ನಾಳೆ ಮುಂಜಾನೆ ಹೊರಟರೆ ಊಟದ ಹೊತ್ತಿಗೆ ಚಿಂಚೋಳಿ ಎಂದು ನನಗೆ ಲೆಕ್ಕ ಹೇಳಿದಳು. ಗಂಡ ಖುಷಿಪಡುತ್ತಾನೆಂದೇ ಅವಳು ತಿಳಿದಿದ್ದಳು. ಹದಿಮೂರು ವರ್ಷ ಸಂಸಾರ ಮಾಡಿದವಳು ಮಾಡಬಾರದ ತಪ್ಪು ಅದು.

ಅಪ್ಪ ಬಂದ. ಚಪ್ಪಲಿ ಬಿಡುತ್ತಲೇ ಕಣ್ಣು ಪೇಪರಿನ ಮೇಲೆ ಬಿತ್ತು.

"ಮೌಲಾ ಬಂದಿದ್ನಾ?"

"ಇಲ್ರಿ. ಯಾರೂ ಬಂದಿಲ್ಲ. ನಾನೇ ತಗದೀನಿ."

ಅಪ್ಪ ಆಯಿಯ ಕಡೆ ತಿರುಗಿದ. "ಖರೆ ಏನವ್ವ?"

"ನನಗೇನು ಗೊತ್ತೋ ಯಪ್ಪಾ, ನಾ ಪೂಜಿಗಿ ಕುಂತಿದ್ದೆ," ಎಂದಳು ಆಯಿ.

ಅಪ್ಪ ಸ್ಪ್ರಾಕೆಟ್ಟನ್ನು ಎತ್ತಿ ಮೂಗಿಗೆ ಹಿಡಿದ. ಹುಣಸೆಹುಳಿಯ ವಾಸನೆ. ಮೌಲಾ ಚಾಚಾ ತೆಗೆದಿದ್ದರೆ ಬೈದು ಸುಮ್ಮನಾಗುತ್ತಿದ್ದನೋ ಏನೋ. ಆ ವಾಸನೆಯೇ ಕೆಲಸ ಕೆಡಿಸಿತು. ಮುಖ ಕಪ್ಪಿಟ್ಟಿತು. ಅಂಗಿಯನ್ನೂ ಬಿಚ್ಚದೆ ಗಾಡಿಯ ಪಕ್ಕ ಕೂತ, ಹೊಸದನ್ನು ಬದಿಗೆ ಸರಿಸಿ, ಆ ಹಳೆಯ ಸವೆದ ಸ್ಪ್ರಾಕೆಟ್ಟನ್ನೇ ಶಾಫ್ಟಿಗೆ ಹಚ್ಚಿ, ಸುತ್ತಿಗೆ ತೆಗೆದುಕೊಂಡು ಒಳಗೆ ಬಡಿದ. ಗೀರುಗಳು ಕೂಡದೆ ಅದು ಓರೆಯಾಗಿ ಹೊಕ್ಕಿತು. ಇನ್ನೂ ಬಡಿದ.

"ಅಪ್ಪಾ, ಬಂದಿತ್ತಲ್ಲ! ಹೊರಗ ಬಂದಿತ್ತಲ್ಲ!" ಎಂದು ಕಿರುಚಿದೆ. ಕೆನ್ನೆಗೆ ಬಿತ್ತು.

"ನನ್ನ ಗಾಡಿ ನಾ ಬಿಚ್ತೀನಿ. ಹೇಂತಿ ಬಿಚ್ಚಿದ ಗಾಡಿ ಮ್ಯಾಲ ಕುಂತು ಮಾವನ ಮನಿಗಿ ಹೋಗಂವ ಅಲ್ಲ ನಾ."

ಅವ್ವ ಅಳಲಿಲ್ಲ, ಬೇಡಲಿಲ್ಲ. ಒಳಗೆ ಹೋಗಿ ಹಿಟ್ಟು ನಾದಿದಳು. ಅಪ್ಪನಿಗೆ ಎರಡು ಬಿಸಿ ರೊಟ್ಟಿ ಹೆಚ್ಚೇ ಹಾಕಿದಳು. ಆ ರೊಟ್ಟಿಗಾಗಿ ನಾನು ಅವಳನ್ನು ಇನ್ನೂ ಕ್ಷಮಿಸಿಲ್ಲ.

ಶನಿವಾರ ಅಪ್ಪ ರಜೆ ಹಾಕಿ ಇಡೀ ದಿನ ಬಡಿದ. ಓರೆಯಾಗಿ ಹೊಕ್ಕದ್ದು ಈಗ ನಿಜವಾಗಿಯೂ ಕಚ್ಚಿಕೊಂಡಿತ್ತು. ಭಾನುವಾರ ಮಧ್ಯಾಹ್ನ ಎರಡರ ಹೊತ್ತಿಗೆ ಕಿರಾಣಿ ಅಂಗಡಿಯವರು ತಾವೇ ಬಂದು ಬಾಗಿಲಲ್ಲಿ ನಿಂತರು. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದನ್ನು ನೋಡಿಯೇ ನಮಗೆ ತಿಳಿಯಿತು. ಅವ್ವ ಕೈತೊಳೆದು, ಶುಕ್ರವಾರದಿಂದ ತುಂಬಿಟ್ಟ ಕೈಚೀಲ ತೆಗೆದುಕೊಂಡು, ನನ್ನ ರಟ್ಟೆ ಹಿಡಿದಳು. ಗಾಡಿಯ ಬದಿಗೆ ಸರಿದು ನಾವು ಹೊಸ್ತಿಲಿಗೆ ಬಂದಾಗ ಅಪ್ಪ ಸುತ್ತಿಗೆ ಹಿಡಿದೇ ಹೇಳಿದ:

"ಒಂದು ತಾಸು ತಡಿ. ಬಂದೇ ಬಿಡ್ತದ ಈಗ."

ಅವ್ವ ತಿರುಗಿ ನೋಡಲಿಲ್ಲ. ಚಿತ್ತಾಪುರದ ಮೇಲೆ ಸೇಡಂಗೆ ಹೋಗುವ ಬಸ್ಸು ಸ್ಟ್ಯಾಂಡಿನಲ್ಲಿ ನಿಂತೇ ಇತ್ತು, ಖಾಲಿ ಸೀಟುಗಳೂ ಇದ್ದವು. ಸೇಡಂನಲ್ಲಿ ಇಳಿದು ಬಸ್ಸು ಬದಲಿಸಿದೆವು. ಅದೂ ಕಾಯಿಸಲಿಲ್ಲ. ಅಷ್ಟು ಸಲೀಸಾದ ದಾರಿಯನ್ನು ನಾನು ಮತ್ತೆಂದೂ ಕಂಡಿಲ್ಲ. ಚಿಂಚೋಳಿಯಲ್ಲಿ ಹೊತ್ತು ಮುಳುಗುವ ಮುಂಚೆ ಮಣ್ಣು ಮಾಡಿ ಬಂದುಬಿಟ್ಟಿದ್ದರು. ನಾವು ತಲುಪಿದ್ದು ದೀಪ ಹಚ್ಚುವ ಹೊತ್ತಿಗೆ. ಅಂಗಳದಲ್ಲಿ ಮಂದಿ ಕೂತಿದ್ದರು. ಮಾಮ ಎದ್ದು ಬಂದು ಅವ್ವನ ಎರಡೂ ಕೈ ಹಿಡಿದುಕೊಂಡ. ನಗಿಸುವ ಮನುಷ್ಯನ ಮುಖ ಬಾತುಹೋಗಿತ್ತು.

"ಯಕ್ಕಾ, ಮೂರು ದಿನ ಬಾಗಲಾನೇ ನೋಡಿದ್ಲು. ದಿನಾ ನಾಕು ಬಸ್ ಬರ್ತಾವ. ಒಂದ್ರಾಗ ಬರಬಾರದಿತ್ತೇನು?"

ಎಲ್ಲರೂ ಅವ್ವನನ್ನೇ ನೋಡುತ್ತಿದ್ದರು. ನಾನು ಬಾಯಿ ತೆರೆದೆ. ಅವ್ವ ನನ್ನ ತೋಳನ್ನು ಉಗುರು ಊರುವ ಹಾಗೆ ಹಿಡಿದಳು.

"ಗಾಡಿ ಕೆಟ್ಟಿತ್ತೋ ತಮ್ಮಾ," ಎಂದಳು.

ದಿನಕರ್ಮ ಮುಗಿಸಿ ನಾವು ಶಹಾಬಾದಿಗೆ ಮರಳಿದಾಗ ಪಡಸಾಲೆ ಖಾಲಿಯಿತ್ತು. ಗಾಡಿ ಹೊರಗೆ ಹೊಸ ಚೈನು ಹಾಕಿಕೊಂಡು ಮಿಂಚುತ್ತಿತ್ತು. ನಾವು ಹೋದ ಮರುದಿನವೇ, ಮನೆಯಲ್ಲಿ ನೋಡುವವರಿಲ್ಲದಾಗ, ಅಪ್ಪ ಅದನ್ನು ತಳ್ಳಿಕೊಂಡು ಹೋಗಿ ಮೌಲಾ ಚಾಚಾ ಕೈಯಲ್ಲಿ ಆ ಸ್ಪ್ರಾಕೆಟ್ಟನ್ನು ಕತ್ತರಿಸಿ ತೆಗೆಸಿದ್ದನಂತೆ. ಚಾಚಾ ಅದನ್ನು ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ, ಅದೂ ತಾವೇ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ. "ಗಾಡಿ ತಯಾರದ. ಇನ್ನ ಯಾವಾಗ ಬೇಕಂದ್ರ ಆವಾಗ ಚಿಂಚೋಳಿಗಿ ಹೋಗಬಹುದು," ಎಂದ ಅಪ್ಪ. ಅವ್ವ "ಹ್ಞೂಂ ರಿ" ಎಂದು ನೀರಿನ ಕೊಡ ಎತ್ತಿಕೊಂಡಳು. ಮುಂದಿನ ಅಮಾವಾಸ್ಯೆಗೆ ಮತ್ತೆ ಪೂಜೆಯನ್ನೂ ಮಾಡಿದಳು.

ಈಗ ನಾನು ಸೇಡಂನಲ್ಲಿ ಮೇಷ್ಟ್ರುಗಿರಿ ಮಾಡುತ್ತೇನೆ. ನಾಳೆ ಕರೆದುಕೊಂಡು ಹೋಗುತ್ತೇನೆ ಎಂದು ಯಾರಾದರೂ ಅಂದರೆ ಇವತ್ತೇ ಹೊರಡುತ್ತೇನೆ. ನನ್ನ ಗಂಡನಿಗೆ ಇದು ಹುಚ್ಚಿನಂತೆ ಕಾಣುತ್ತದೆ, ಕಾಣಲಿ. ಅಪ್ಪ ಹೋಗಿ ಬಹಳ ವರ್ಷವಾಯಿತು, ಆಯಿಯೂ ಇಲ್ಲ, ಮಾಮನೂ ಇಲ್ಲ. ಅವ್ವ ನನ್ನ ಜೊತೆ ಇದ್ದಾಳೆ, ಕಿವಿ ಸ್ವಲ್ಪ ಮಂದ. ಇದನ್ನು ಬರೆದಾದ ಮೇಲೆ ಅವಳ ಪಕ್ಕ ಕೂತು ಗಟ್ಟಿಯಾಗಿ ಓದಿ ಹೇಳಿದೆ. ಹುಣಸೆ ನೀರು ಸುರಿದದ್ದು, ಅವಳು ನಕ್ಕದ್ದು, ಎಲ್ಲವನ್ನೂ. ಅವಳು ಕೊನೆಯವರೆಗೆ ಕೇಳಿದಳು. ಕಣ್ಣು ಒರೆಸಿಕೊಂಡಳು. ತಾಯಿಯ ಬಗ್ಗೆ ಏನಾದರೂ ಹೇಳುತ್ತಾಳೆಂದು ಕಾದೆ.

"ಇದನ್ನ್ಯಾಕ ಬರೀತಿ ನೀಲಾ?" ಎಂದಳು. "ಓದಿದ ಮಂದಿ ನಿಮ್ಮಪ್ಪಗ ಏನಂತಾರ?"

ಅನ್ನಲಿ ಎಂದೇ ಬರೆದಿದ್ದೇನೆ, ಅವ್ವ.